ಪ್ಲೇ ಸ್ಟೋರ್ ನಿಯಮ ಅನ್ಯಾಯವೆನಿಸಿದರೆ ಸ್ಪರ್ಧಾ ಆಯೋಗಕ್ಕೆ ಮಾಹಿತಿ ಸಲ್ಲಿಸುವುದು ಹೇಗೆ?

ಆ್ಯಂಡ್ರಾಯ್ಡ್ ಫೋನುಗಳಿಗೆ ಆ್ಯಪ್ ರೂಪಿಸುವ ಸಣ್ಣ ಕಂಪನಿಗೆ ಗೂಗಲ್ ಪ್ಲೇ ಸ್ಟೋರ್ ಬಿಟ್ಟರೆ ಗ್ರಾಹಕರನ್ನು ತಲುಪಲು ಬೇರೆ ದಾರಿ ಇಲ್ಲವೆಂದೇ ಹೇಳಬೇಕು. ಶುಲ್ಕ, ಪಾವತಿ ವ್ಯವಸ್ಥೆ, ಆ್ಯಪ್ ತೆಗೆದುಹಾಕುವ ಅಧಿಕಾರ ಎಲ್ಲವೂ ಒಂದೇ ಕಂಪನಿಯ ಕೈಯಲ್ಲಿರುವುದರಿಂದ, ನಿಯಮ ಅನ್ಯಾಯವೆನಿಸಿದರೂ ಒಪ್ಪಿಕೊಂಡು ಮುಂದೆ ಸಾಗುವವರೇ ಹೆಚ್ಚು. ಆದರೆ 2002ರ ಸ್ಪರ್ಧಾ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಯಾರು ಬೇಕಾದರೂ ಭಾರತೀಯ ಸ್ಪರ್ಧಾ ಆಯೋಗಕ್ಕೆ ‘ಮಾಹಿತಿ’, ಅಂದರೆ ದೂರಿನ ಅರ್ಜಿ, ಸಲ್ಲಿಸಬಹುದು. ಸಲ್ಲಿಸುವವರಿಗೆ ಸ್ವತಃ ನಷ್ಟವಾಗಿರಲೇಬೇಕೆಂದಿಲ್ಲ ಎಂದು ಓಲಾ ಮತ್ತು ಊಬರ್‌ಗೆ ಸಂಬಂಧಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ಆ್ಯಂಡ್ರಾಯ್ಡ್ ಕುರಿತು 2018ರಲ್ಲಿ ಆಯೋಗದ ಬಾಗಿಲು ತಟ್ಟಿದವರೂ ಕಂಪನಿಗಳಲ್ಲ, ಮೂವರು ವ್ಯಕ್ತಿಗಳು. ಅವರು ಆರಂಭಿಸಿದ ಪ್ರಕರಣದಲ್ಲೇ 2022ರ ಅಕ್ಟೋಬರ್ 20ರಂದು ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಬಿತ್ತು.

ನಿಮ್ಮ ದೂರು ಯಾವ ಬಗೆಯದು ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಬೇಕು. ಆ್ಯಪ್‌ನಲ್ಲಿ ಕೊಟ್ಟ ಹಣ ವಾಪಸಾಗಿಲ್ಲ ಎಂಬ ಗ್ರಾಹಕರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬೇಕು, ಇಲ್ಲವೇ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬೇಕು. ಸ್ಪರ್ಧಾ ಆಯೋಗ ನೋಡುವುದು ಇಡೀ ಮಾರುಕಟ್ಟೆಗೆ ಆಗುವ ಹಾನಿಯನ್ನು. ಹಾಗೆಂದು ನೇರವಾಗಿ ಸಿವಿಲ್ ದಾವೆ ಹೂಡುವುದೂ ಸುಲಭವಲ್ಲ. ಪ್ಲೇ ಸ್ಟೋರಿನ ಪಾವತಿ ನಿಯಮವನ್ನು ಪ್ರಶ್ನಿಸಿ ಭಾರತೀಯ ಕಂಪನಿಗಳು ಹೂಡಿದ್ದ ದಾವೆಗಳನ್ನು, ಇದು ಸ್ಪರ್ಧಾ ಆಯೋಗದ ವ್ಯಾಪ್ತಿಗೆ ಬರುವ ವಿಷಯವೆಂದು ಮದ್ರಾಸ್ ಹೈಕೋರ್ಟ್ 2023ರ ಆಗಸ್ಟ್‌ನಲ್ಲಿ ತಿರಸ್ಕರಿಸಿತು.

ಅರ್ಜಿಯ ಜೀವಾಳವಿರುವುದು ವಾದದಲ್ಲಿ. ಕಂಪನಿ ದೊಡ್ಡದಾಗಿರುವುದು ನಮ್ಮ ಕಾನೂನಿನಲ್ಲಿ ತಪ್ಪಲ್ಲ. 4ನೇ ಸೆಕ್ಷನ್ ನಿಷೇಧಿಸಿರುವುದು ಪ್ರಾಬಲ್ಯದ ದುರ್ಬಳಕೆಯನ್ನು. ಆದ್ದರಿಂದ ಯಾವ ಮಾರುಕಟ್ಟೆ, ಅಲ್ಲಿ ಕಂಪನಿಗೆ ಪ್ರಾಬಲ್ಯ ಹೇಗೆ ಬಂತು, ಆ ಬಲದಿಂದ ಅದು ಹೇರಿದ ಷರತ್ತು ಯಾವುದು ಎಂಬುದನ್ನು ಇದೇ ಕ್ರಮದಲ್ಲಿ ಬರೆಯಿರಿ. ಮಾರುಕಟ್ಟೆಯ ವ್ಯಾಖ್ಯೆಯನ್ನು ಹೊಸದಾಗಿ ಕಟ್ಟುವ ಶ್ರಮ ಬೇಡ. ಭಾರತದಲ್ಲಿ ಆ್ಯಂಡ್ರಾಯ್ಡ್ ಆ್ಯಪ್ ಸ್ಟೋರುಗಳದ್ದೇ ಒಂದು ಪ್ರತ್ಯೇಕ ಮಾರುಕಟ್ಟೆಯೆಂದೂ ಅದರಲ್ಲಿ ಗೂಗಲ್ ಪ್ರಬಲವೆಂದೂ ಆಯೋಗ 2022ರಲ್ಲೇ ಹೇಳಿದೆ. ಆ ಆದೇಶ ಆಯೋಗದ ಜಾಲತಾಣದಲ್ಲಿದೆ, ಅದನ್ನು ಪೂರ್ತಿ ಓದಿ ಸಂಬಂಧಪಟ್ಟ ಪ್ಯಾರಾಗಳನ್ನು ಉಲ್ಲೇಖಿಸಿ.

ಷರತ್ತಿನಿಂದಾದ ಹಾನಿಯನ್ನು ಲೆಕ್ಕದಲ್ಲಿ ತೋರಿಸಬೇಕು. ತಿಂಗಳಿಗೆ 200 ರೂಪಾಯಿ ಚಂದಾ ಪಡೆಯುವ ಆ್ಯಪ್ ಒಂದನ್ನು ತೆಗೆದುಕೊಳ್ಳಿ. ಗೂಗಲ್‌ನದೇ ಪಾವತಿ ವ್ಯವಸ್ಥೆಯಲ್ಲಿ ಶೇ 15ರಂತೆ 30 ರೂಪಾಯಿ ಕಡಿತವಾಗುತ್ತದೆ. ಆಯೋಗದ ಆದೇಶದ ನಂತರ ಗೂಗಲ್ 2023ರಲ್ಲಿ ಎಲ್ಲರಿಗೂ ಬೇರೆ ಪಾವತಿ ವ್ಯವಸ್ಥೆಯ ಆಯ್ಕೆಯನ್ನು ಕೊಟ್ಟಿತಾದರೂ ಅದನ್ನು ಬಳಸಿದರೆ ಕಡಿಮೆಯಾಗುವುದು ಶೇ 4 ಮಾತ್ರ. ಅಂದರೆ ಗೂಗಲ್‌ಗೆ 22 ರೂಪಾಯಿ ಹೋಗುತ್ತದೆ. ನಿಮ್ಮ ಪೇಮೆಂಟ್ ಗೇಟ್‌ವೇ ಶೇ 2ರಷ್ಟು ಪಡೆದರೆ ಇನ್ನೂ 4 ರೂಪಾಯಿ ಸೇರಿ ಒಟ್ಟು 26 ಆಗುತ್ತದೆ. ಉಳಿದ 4 ರೂಪಾಯಿಗಾಗಿ ಲೆಕ್ಕಪತ್ರ, ಮರುಪಾವತಿ, ಗ್ರಾಹಕ ಸೇವೆಯ ಹೊಣೆಯನ್ನೆಲ್ಲ ಯಾರು ಹೊರುತ್ತಾರೆ? ಕಾಗದದ ಮೇಲಿನ ಆಯ್ಕೆ ವ್ಯವಹಾರದಲ್ಲಿ ಆಯ್ಕೆಯಾಗಿ ಉಳಿಯುವುದಿಲ್ಲ ಎಂಬುದನ್ನು ಇಂಥ ಒಂದು ಪಟ್ಟಿ ಹತ್ತು ಪುಟಗಳ ಆಕ್ರೋಶಕ್ಕಿಂತ ಚೆನ್ನಾಗಿ ಮನವರಿಕೆ ಮಾಡುತ್ತದೆ. ದರಗಳು ಬದಲಾಗುತ್ತಿರುವುದರಿಂದ ನಿಮಗೆ ಅನ್ವಯಿಸುವ ಇಂದಿನ ದರವನ್ನೇ ಹಾಕಿ.

ಸಾಕ್ಷ್ಯವನ್ನು ಮೊದಲ ದಿನದಿಂದಲೇ ಕೂಡಿಡಿ. ಪ್ಲೇ ಕನ್ಸೋಲ್‌ನಲ್ಲಿ (ಆ್ಯಪ್ ನಿರ್ವಹಿಸುವ ನಿಮ್ಮ ಗೂಗಲ್ ಖಾತೆಯ ಪುಟದಲ್ಲಿ) ಬಂದ ಎಚ್ಚರಿಕೆ, ತಿರಸ್ಕಾರದ ಇಮೇಲ್, ನಿಮ್ಮ ಉತ್ತರ, ಆ ದಿನ ಜಾರಿಯಲ್ಲಿದ್ದ ಡೆವಲಪರ್ ಒಪ್ಪಂದದ ಪ್ರತಿ, ಇವೆಲ್ಲವನ್ನೂ ದಿನಾಂಕ ಕಾಣುವಂತೆ ಪಿಡಿಎಫ್ ಮಾಡಿಟ್ಟುಕೊಳ್ಳಿ. ಒಪ್ಪಂದ ತಿದ್ದುಪಡಿಯಾದ ಮೇಲೆ ಹಳೆಯದನ್ನು ಹುಡುಕುವುದು ಕಷ್ಟ. ದೂರಿಗೆ ಕಾರಣ ಉಂಟಾದ ದಿನದಿಂದ 3 ವರ್ಷದೊಳಗೆ ಮಾಹಿತಿ ಸಲ್ಲಿಸಬೇಕೆಂದು 2023ರ ತಿದ್ದುಪಡಿ ಹೇಳುವುದರಿಂದ ದಿನಾಂಕಗಳಿಗೆ ಇನ್ನಷ್ಟು ಮಹತ್ವ ಬಂದಿದೆ.

ಮಾಹಿತಿ ಸಲ್ಲಿಸಲು ವ್ಯಕ್ತಿಗಳು, ಗ್ರಾಹಕ ಸಂಘಗಳು ಮತ್ತು ಟ್ರಸ್ಟ್‌ಗಳಿಗೆ ಶುಲ್ಕ 5,000 ರೂಪಾಯಿ, 2 ಕೋಟಿವರೆಗೆ ವಹಿವಾಟಿರುವ ಸಂಸ್ಥೆಗೆ 10,000 ರೂಪಾಯಿ. ಹೆಸರು ಬಹಿರಂಗವಾದರೆ ವ್ಯಾಪಾರಕ್ಕೆ ಪೆಟ್ಟು ಬೀಳುವ ಭಯವಿದ್ದರೆ ಗುರುತನ್ನು ಗೌಪ್ಯವಾಗಿಡುವಂತೆ ಅರ್ಜಿಯ ಜೊತೆಗೇ ಲಿಖಿತವಾಗಿ ಕೋರಬಹುದು.

ಮೇಲ್ನೋಟಕ್ಕೆ ಹುರುಳಿದೆಯೆಂದು ಕಂಡರೆ ಆಯೋಗ 26ನೇ ಸೆಕ್ಷನ್ ಅಡಿ ತನ್ನ ತನಿಖಾ ವಿಭಾಗದ ಮಹಾನಿರ್ದೇಶಕರಿಗೆ ತನಿಖೆ ವಹಿಸುತ್ತದೆ. ಅಲ್ಲಿಂದಾಚೆ ವರ್ಷಗಟ್ಟಲೆ ಹಿಡಿಯುತ್ತದೆ, ಆದೇಶ ಬಂದ ಮೇಲೂ ಮೇಲ್ಮನವಿ ಇದ್ದೇ ಇರುತ್ತದೆ. ಪ್ಲೇ ಸ್ಟೋರ್ ಪಾವತಿ ನಿಯಮಕ್ಕಾಗಿ ಆಯೋಗ ಇನ್ನೊಂದು ಪ್ರಕರಣದಲ್ಲಿ ಗೂಗಲ್‌ಗೆ ವಿಧಿಸಿದ್ದ 936.44 ಕೋಟಿ ರೂಪಾಯಿ ದಂಡವನ್ನು ಮೇಲ್ಮನವಿ ನ್ಯಾಯಮಂಡಳಿ 2025ರ ಮಾರ್ಚ್‌ನಲ್ಲಿ 216.69 ಕೋಟಿಗೆ ಇಳಿಸಿತು.

ಈ ನಡುವೆ ನಿಮ್ಮ ಆ್ಯಪ್ ಉಳಿಯಬೇಕಲ್ಲ. 33ನೇ ಸೆಕ್ಷನ್ ಅಡಿ ಮಧ್ಯಂತರ ಆದೇಶ ಕೇಳಲು ಅವಕಾಶವಿದೆ, ಆದರೆ ಅದನ್ನೇ ನೆಚ್ಚಿ ಕೂರಬೇಡಿ. 2024ರ ಮಾರ್ಚ್ 1ರಂದು ಗೂಗಲ್ ಶುಲ್ಕದ ವಿವಾದದಲ್ಲಿ ಹಲವು ಭಾರತೀಯ ಕಂಪನಿಗಳ ಆ್ಯಪ್‌ಗಳನ್ನು ತೆಗೆದುಹಾಕಿತು. ಕೇಂದ್ರ ಸರ್ಕಾರ ಮಧ್ಯಪ್ರವೇಶಿಸಿದ ಮೇಲೆ ಅವು ಮರಳಿದವು. ಅದೇ ತಿಂಗಳು ಆಯೋಗ ತನಿಖೆಗೆ ಆದೇಶಿಸಿದರೂ ಮಧ್ಯಂತರ ಪರಿಹಾರ ನೀಡಲಿಲ್ಲ. ಹಾಗಾಗಿ ಪ್ರಕರಣ ನಡೆಯುವಷ್ಟು ಕಾಲ ಶುಲ್ಕವನ್ನು ಲಿಖಿತ ಆಕ್ಷೇಪಣೆಯೊಂದಿಗೆ ಕಟ್ಟುತ್ತಾ ಬರುವುದು, ಜೊತೆಗೆ ಗ್ರಾಹಕರು ಲಾಗಿನ್ ಆಗಿ ಸೇವೆ ಪಡೆಯಬಹುದಾದ ಸ್ವಂತ ಜಾಲತಾಣವನ್ನು ಸಿದ್ಧವಾಗಿಡುವುದು ಕ್ಷೇಮ.