ಐಸಿಯುನಿಂದ ಜೊತೆಗೇ ಬಂದ ಲೈನ್

ಮಳೆಗಾಲ ಬಂತೆಂದರೆ ನಮ್ಮ ಕರಾವಳಿಯ ವಾರ್ಡುಗಳಲ್ಲಿ ಇಲಿಜ್ವರದವರು ಇದ್ದೇ ಇರುತ್ತಾರೆ. ಆ ಸಲ ಗದ್ದೆ ಕೆಲಸದ ಒಬ್ಬರು, ನಲವತ್ತೈದರ ಆಸುಪಾಸಿನವರು, ಕಿಡ್ನಿ ಕೈಕೊಟ್ಟು ಐಸಿಯು ಸೇರಿದ್ದರು. ಡಯಾಲಿಸಿಸ್‌ಗೆಂದು ಬಲ ತೊಡೆಸಂದಿನ ದೊಡ್ಡ ಅಭಿಧಮನಿಯೊಳಗೆ ಲೈನ್, ಅಂದರೆ ನಳಿಕೆ, ಹಾಕಿದ್ದರು. ಎಂಟನೇ ದಿನ ನನ್ನ ವಾರ್ಡಿಗೆ ಬಂದಾಗ ಮೂತ್ರ ಚೆನ್ನಾಗಿ ಹೋಗುತ್ತಿತ್ತು, ಕಿಡ್ನಿ ಕೆಟ್ಟಾಗ ರಕ್ತದಲ್ಲಿ ಏರುವ ಕ್ರಿಯಾಟಿನಿನ್ ಇಳಿಯುತ್ತಿತ್ತು. ‘ಮತ್ತೆ ಡಯಾಲಿಸಿಸ್ ಬೇಕಾದರೆ ಇರಲಿ’ ಎಂದು ಲೈನನ್ನು ನಾನೂ ಹಾಗೇ ಬಿಟ್ಟೆ.

ಮೂರನೇ ದಿನ ಬೆಳಿಗ್ಗೆ ಅವರ ಹೆಂಡತಿ, “ಡಾಕ್ಟ್ರೇ, ಇವರ ಬಲಗಾಲು ದಪ್ಪ ಕಾಣ್ತದೆ” ಅಂದರು. ಟೇಪು ಹಿಡಿದು ಅಳೆದೆ. ಎರಡು ತೊಡೆಗಳ ನಡುವೆ 4 ಸೆಂ.ಮೀ. ವ್ಯತ್ಯಾಸ. ಅಲ್ಟ್ರಾಸೌಂಡ್ ಪ್ರೋಬ್‌ನಿಂದ ಒತ್ತಿದರೆ ಆರೋಗ್ಯವಂತ ಅಭಿಧಮನಿ ಚಪ್ಪಟೆಯಾಗುತ್ತದೆ, ಇದು ಆಗಲಿಲ್ಲ. ಒಳಗೆ ರಕ್ತ ಹೆಪ್ಪುಗಟ್ಟಿತ್ತು.

ಕೇಸ್ ಶೀಟ್ ಮತ್ತೆ ಓದಿದೆ. ದಾಖಲಾದ ದಿನ ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ ಕಣಗಳು ಬರೀ 22 ಸಾವಿರ. ರಕ್ತಸ್ರಾವದ ಭಯದಿಂದ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಕೊಟ್ಟಿರಲಿಲ್ಲ, ಅದು ಸರಿಯೇ. ವಾರ್ಡಿಗೆ ಬರುವಷ್ಟರಲ್ಲಿ ಪ್ಲೇಟ್‌ಲೆಟ್ ಒಂದೂವರೆ ಲಕ್ಷ ದಾಟಿತ್ತು. ಆದರೆ ಹೆಪಾರಿನ್ ಶುರು ಮಾಡಬೇಕೆಂದು ಯಾರಿಗೂ ಹೊಳೆಯಲಿಲ್ಲ, ನನಗೂ ಇಲ್ಲ. ಆ ಮೂರು ದಿನ ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಆ ಡಯಾಲಿಸಿಸ್ ಲೈನ್ ಫ್ರೆಂಚ್ ಎಂಬ ಅಳತೆಯಲ್ಲಿ 12, ಅಂದರೆ 4 ಮಿ.ಮೀ. ದಪ್ಪ. ಅಷ್ಟು ದಪ್ಪದ್ದು ಒಳಗೆ ಕೂತರೆ ರಕ್ತದ ಓಟ ನಿಧಾನವಾಗುತ್ತದೆ, ನಾಳದ ಒಳಗೋಡೆ ಉಜ್ಜಿ ಗಾಯವಾಗುತ್ತದೆ. ಸೋಂಕಿನಿಂದ ರಕ್ತವೂ ಬೇಗ ಹೆಪ್ಪುಗಟ್ಟುವ ಸ್ಥಿತಿಯಲ್ಲಿರುತ್ತದೆ. ಮೇಲಿಂದ ದಿನಗಟ್ಟಲೆ ಮಲಗಿದ ಕಾಲು. ಆ ಹೆಪ್ಪಿನ ತುಂಡು ಕಳಚಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ.

ಹೆಪಾರಿನ್ ಜಾತಿಯದೇ ಚುಚ್ಚುಮದ್ದಾದ ಎನಾಕ್ಸಪರಿನ್ ದೇಹದಿಂದ ಹೊರಹೋಗಬೇಕಾದದ್ದು ಮುಖ್ಯವಾಗಿ ಕಿಡ್ನಿಯ ಮೂಲಕ. ಇವರ ಕಿಡ್ನಿ ಇನ್ನೂ ಪೂರ್ತಿ ಸುಧಾರಿಸಿರಲಿಲ್ಲವಾದ್ದರಿಂದ ಸಾಮಾನ್ಯ ಹೆಪಾರಿನ್ನನ್ನೇ ಡ್ರಿಪ್‌ನಲ್ಲಿ ಕೊಟ್ಟೆವು. ಕೆಲವು ದಿನ ಬಿಟ್ಟು ಲೈನ್ ತೆಗೆದೆವು. ಆಮೇಲೆ ಹೆಪ್ಪುಗಟ್ಟುವುದನ್ನು ತಡೆಯುವ ವಾರ್ಫರಿನ್ ಮಾತ್ರೆ, ಅದರ ಪರಿಣಾಮ ಅಳೆಯುವ ರಕ್ತಪರೀಕ್ಷೆ ಐಎನ್‌ಆರ್ 2ರಿಂದ 3ರ ನಡುವೆ ಇರುವಂತೆ, ಮೂರು ತಿಂಗಳು.

ಅಂದಿನಿಂದ ಐಸಿಯುನಿಂದ ಯಾರೇ ಬಂದರೂ ನಾನು ಮೊದಲು ನೋಡುವುದು ಹೊದಿಕೆಯ ಕೆಳಗೆ: ಯಾವ ಲೈನ್, ಎಲ್ಲಿ, ಯಾವ ದಿನ ಹಾಕಿದ್ದು. ದಿನಾ ರೌಂಡ್ಸಿನಲ್ಲಿ ಸಿಸ್ಟರ್‌ಗೆ “ಇವತ್ತು ಇದು ಯಾಕೆ ಬೇಕು?” ಅಂತ ಕೇಳುತ್ತೇನೆ. ರಕ್ತ ತೆಗೆಯಲು ಸುಲಭ ಎಂಬುದು ನನ್ನ ಮಟ್ಟಿಗೆ ಕಾರಣವೇ ಅಲ್ಲ. ಕೈಯಲ್ಲಿ ಒಂದು ಚುಚ್ಚು ಸಾಕು. ಪ್ಲೇಟ್‌ಲೆಟ್ ವರದಿ ಕೈಗೆ ಬಂದ ಕೂಡಲೇ ಹೆಪಾರಿನ್ ಬಗ್ಗೆ ಮತ್ತೆ ಯೋಚಿಸುತ್ತೇನೆ.

ಕುತ್ತಿಗೆಯ ಲೈನ್, ತೋಳಿನಿಂದ ಹಾಕುವ ಪಿಕ್ ಲೈನ್ ಇನ್ನೂ ಮೋಸದವು. ಅಲ್ಲಿ ರಕ್ತ ಹೆಪ್ಪುಗಟ್ಟಿದರೂ ಹೆಚ್ಚಿನವರಿಗೆ ಲಕ್ಷಣವೇ ಇರುವುದಿಲ್ಲ. ತೋಳು ಊದುವುದು, ಕುತ್ತಿಗೆ ನೋವು, ಎದೆಯ ಮೇಲೆ ಹೊಸದಾಗಿ ನಾಳಗಳು ಉಬ್ಬುವುದು, ಲೈನ್‌ನಿಂದ ರಕ್ತ ಬಾರದಿರುವುದು: ಇಂಥದ್ದೇನಾದರೂ ಕಂಡರೆ ರಕ್ತದ ಓಟ ತೋರಿಸುವ ಡಾಪ್ಲರ್ ಸ್ಕ್ಯಾನ್ ಮಾಡಿಸಲು ಸಂಜೆಯವರೆಗೆ ಕಾಯುವುದಿಲ್ಲ. ಲೈನ್ ತೆಗೆದ ಮೇಲೂ ಊತ ಬರಬಹುದು, ಬಂದರೆ ಕೂಡಲೇ ಬನ್ನಿ ಎಂದು ಮನೆಯವರಿಗೆ ಹೇಳಿ ಕಳಿಸುತ್ತೇನೆ.

ಮೂರು ತಿಂಗಳಾದ ಮೇಲೆ ಅವರು ಬಂದಾಗ ವ್ಯತ್ಯಾಸ ಒಂದು ಸೆಂ.ಮೀ.ಗೆ ಇಳಿದಿತ್ತು. ಸಂಜೆಯಾದರೆ ಕಾಲು ಭಾರ ಆಗ್ತದೆ ಎಂದರು. ಹೆಂಡತಿ ತಾವೇ ಒಂದು ದರ್ಜಿ ಟೇಪು ತಂದಿದ್ದರು, ವಾರಕ್ಕೊಮ್ಮೆ ಅಳೆದ ಲೆಕ್ಕ ಮಗಳ ಶಾಲೆಯ ಪುಸ್ತಕದ ಕೊನೆಯ ಹಾಳೆಯಲ್ಲಿತ್ತು.