ಮೂರೇ ಲೈಫಲ್ಲಿ ಕಾಂಟ್ರಾ: ಡಬ್ಬಾ ಟಿವಿ ಕೃಪೆ

ನಲವತ್ತು ದಾಟಿದ ಮೇಲೆ ಮೂರು ಲೈಫಲ್ಲಿ ಕಾಂಟ್ರಾ ಅನ್ನೋ ಹಳೇ ಗುಂಡು ಹಾರಿಸೋ ವಿಡಿಯೋ ಗೇಮ್ ಮುಗಿಸೋದು ಆಗದ ಮಾತು, ಕೈ ಓಡಲ್ಲ ಅಂತ ನಮ್ಮ ಹಳೇ ಗ್ಯಾಂಗು ಪಣ ಕಟ್ಟಿತ್ತು. ಹೋದ ತಿಂಗಳು ಮುಗಿಸಿದೆ. ಎಂಟೂ ಸ್ಟೇಜ್, ಮೂವತ್ತು ಲೈಫ್ ಕೊಡೋ ಆ ಮೇಲೆ-ಮೇಲೆ-ಕೆಳಗೆ-ಕೆಳಗೆ ಬಟನ್ ಗುಟ್ಟು ಇಲ್ಲದೆ, ಲೈಫ್ ಮುಗಿದ ಮೇಲೆ ಮುಂದುವರಿಸೋ ಕಂಟಿನ್ಯೂ ಇಲ್ಲದೆ. ಪಾಯಿಂಟಿಗೆ ಸಿಕ್ಕ ಲೈಫ್ ಮಾತ್ರ ಬಳಸಿದ್ದೀನಿ, ಅದು ನ್ಯಾಯವೇ ಅಲ್ವಾ?

ಮೊದಲು ಲ್ಯಾಪ್‌ಟಾಪಲ್ಲಿ ಹಳೇ ಆಟ ಓಡಿಸೋ ಎಮ್ಯುಲೇಟರ್ ಸಾಫ್ಟ್‌ವೇರ್ ಹಾಕಿ, ಬ್ಲೂಟೂತ್ ಜಾಯ್‌ಸ್ಟಿಕ್ ಹಿಡಿದು, ಹಾಲಿನ ಎಲ್‌ಇಡಿ ಟಿವಿಗೆ ಜೋಡಿಸಿ ಆಡಿದೆ. ಮೂರನೇ ಸ್ಟೇಜಿನ ಜಲಪಾತದಲ್ಲಿ ದಿನಾ ಸಾವು. ನಾನು ಬಟನ್ ಒತ್ತಿದ ಮೇಲೆ ಆಟದ ಸೈನಿಕ ಒಂದು ಚೂರು ತಡವಾಗಿ ಹಾರುತ್ತಿದ್ದ. ವಯಸ್ಸಾಯ್ತು ಅಂದುಕೊಂಡೆ. ಒಂದು ರಾತ್ರಿ ಸುಮ್ನೆ ಟಿವಿಯ ಗೇಮ್ ಮೋಡ್ (ಚಿತ್ರ ತಡವಾಗೋದನ್ನ ಕಡಿಮೆ ಮಾಡೋ ಸೆಟ್ಟಿಂಗ್) ಆನ್ ಮಾಡಿದೆ ನೋಡಿ, ಅವತ್ತೇ ನಾಲ್ಕನೇ ಸ್ಟೇಜ್. ನನ್ನ ಬೆರಳಿಗಿಂತ ಟಿವಿಯೇ ಸೋಮಾರಿ! 1988ರಲ್ಲಿ ಮನೆಯ ಟಿವಿ ಗೇಮ್ ಸೆಟ್‌ಗೆ ಬಂದ ಆಟಕ್ಕೆ ಆ ಕಾಲದ ದಪ್ಪ ಪಿಕ್ಚರ್ ಟ್ಯೂಬಿನ ಡಬ್ಬಾ ಟಿವಿಯೇ ಬೇಕು ಅಂತ ಗೊತ್ತಾಯಿತು.

ಗುಜರಿಯಲ್ಲಿ 14 ಇಂಚಿನ ಟಿವಿ 600ಕ್ಕೋ 650ಕ್ಕೋ ಸಿಕ್ಕಿತು, ಆಟೋಗೆ 200. ಹಳೇ ಟಿವಿ ಗೇಮ್ ಸೆಟ್ 500. ಅವತ್ತೇ ಆತುರಕ್ಕೆ ಮನೆಯಲ್ಲಿದ್ದ ಯಾವುದೋ ಅಡಾಪ್ಟರ್ ಚುಚ್ಚಿದೆ, ಪ್ಲಸ್ ಮೈನಸ್ ಉಲ್ಟಾ ಇತ್ತು, ಒಳಗೆ 5 ವೋಲ್ಟ್ ಕೊಡೋ 7805 ಐಸಿ ಹೊಗೆ ಬಿಟ್ಟಿತು. ಹೊಸ ಐಸಿ ಹಾಕಿದ್ರೂ ಬೋರ್ಡ್ ಏಳಲಿಲ್ಲ. ಇನ್ನೊಂದು ಸೆಟ್, ಆಟದ ಕ್ಯಾಸೆಟ್ ಎಲ್ಲ ಸೇರಿ ಎರಡು ಸಾವಿರ ಚಿಲ್ಲರೆ ಆಯಿತು. ಹೆಂಡತಿಗೆ ಹೇಳಿದ್ದು ಎಂಟುನೂರು.

ಕ್ಯಾಸೆಟ್ ಊದಬೇಡಿ, ಎಂಜಲು ಹಾರಿ ಪಿನ್ನಿಗೆ ಕಿಲುಬು ಹಿಡಿಯುತ್ತೆ. ರಬ್ಬರಿನಿಂದ ಉಜ್ಜಿ ಒರೆಸಿದ್ರೆ ಸಾಕು. ಜಾಯ್‌ಸ್ಟಿಕ್ಕಿನ ಫೈರ್ ಬಟನ್ ಹತ್ತು ಸಲ ಒತ್ತಿದ್ರೆ ಆರು ಸಲ ಕೆಲಸ ಮಾಡುತ್ತಿತ್ತು. ಬಿಚ್ಚಿದೆ, ರಬ್ಬರ್ ಪ್ಯಾಡಿನ ಕೆಳಗೆ ಕರೆಂಟು ಹರಿಸೋ ಕರಿ ಪದರ ಸವೆದು ಹೋಗಿತ್ತು. ಪೆನ್ಸಿಲ್ ಸೀಸ ತಿಕ್ಕಿದೆ, ಎರಡು ದಿನ ಬಂತು. ಕೊನೆಗೆ ಕೆಟ್ಟ ಟಿವಿ ರಿಮೋಟಿನ ವಾಲ್ಯೂಮ್ ಬಟನ್ ಕತ್ತರಿಸಿ ಒಳಗೆ ಕೂರಿಸಿದೆ. ಹೇಗೆ ಅಂಟಿಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ.

ನಡುವೆ ಟಿವಿಗೆ ಗುರಿ ಇಟ್ಟು ಬಾತುಕೋಳಿ ಹೊಡೆಯೋ ಆಟದ ಗನ್ನನ್ನೂ ಹಾಕಿ ನೋಡಿದೆ. ಎಲ್‌ಇಡಿಯಲ್ಲಿ ಒಂದೂ ಬೀಳಲಿಲ್ಲ. ಟ್ರಿಗರ್ ಒತ್ತಿದಾಗ ಪರದೆ ಕಪ್ಪಾಗಿ ಬಾತು ಇದ್ದ ಕಡೆ ಬಿಳಿ ಚೌಕ ಮಿಂಚುತ್ತೆ, ಗನ್ ನೋಡೋದು ಆ ಬೆಳಕನ್ನ. ಎಲ್‌ಇಡಿ ಅದನ್ನು ತೋರಿಸೋ ಹೊತ್ತಿಗೆ ಗನ್ ನೋಡಿ ಮುಗಿಸಿರುತ್ತೆ. ಡಬ್ಬಾ ಟಿವಿಯಲ್ಲಿ ಮಗಳು ಟಪಟಪ ಉದುರಿಸಿದಳು.

ಇನ್ನು ಕಾಂಟ್ರಾ ಆಟದ್ದು, ಗುಂಡು ಹರಡಿ ಹಾರಿಸೋ ಎಸ್ ಗನ್ ಸಿಕ್ಕ ಮೇಲೆ ಬಿಡಬೇಡಿ. ಎಲ್ ಅಂದ್ರೆ ಲೇಸರ್ ಗನ್ ಕಂಡ್ರೆ ದಾಟಿ ಹೋಗಿ, ಗುಂಡು ಹಾರುವಾಗಲೇ ಮತ್ತೆ ಒತ್ತಿದ್ರೆ ಮೊದಲಿನದು ಮಾಯ. ಆರನೇ ಸ್ಟೇಜಿನ ಬೆಂಕಿಗೆ ನನ್ನದೊಂದು ಎಣಿಕೆ ಇದೆ, ಪಣ ಗೆದ್ದವನು ಅದನ್ನೂ ಹೇಳಬೇಕಾ? ಏಳನೇ ಸ್ಟೇಜಲ್ಲಿ ಎರಡು ಲೈಫ್ ಇಟ್ಟುಕೊಂಡು ಹೋಗುತ್ತಿದ್ದೆ, ಕರೆಂಟು ಹೋಯಿತು. "ಅಪ್ಪಾ, ಸೇವ್ ಮಾಡಿದ್ದೀರಾ?" ಅಂದಳು ಮಗಳು. ಈ ಆಟದಲ್ಲಿ ಸೇವ್ ಅನ್ನೋದೇ ಇಲ್ಲ, ಏನಂತ ಹೇಳಲಿ. ಮಾರನೇ ದಿನ ಟಿವಿ, ಗೇಮ್ ಸೆಟ್ ಎರಡನ್ನೂ ಯುಪಿಎಸ್ ಪ್ಲಗ್ಗಿಗೆ ಹಾಕಿದೆ. ಸುಮಾರು ನಲವತ್ತು ಸಲ ಶುರು ಮಾಡಿದ ಮೇಲೆ ಒಂದು ಭಾನುವಾರ ಎಂಟನೇ ಸ್ಟೇಜಿನ ಕೊನೆಯ ಶತ್ರು, ಆ ದೊಡ್ಡ ಹೃದಯ ಸಿಡಿಯಿತು.

ವಿಡಿಯೋ ಕಳಿಸಿದ್ರೂ ಗ್ಯಾಂಗಲ್ಲಿ ಒಬ್ಬ ಇನ್ನೂ ನಂಬಿಲ್ಲ. ಬಾರೋ, ಎರಡನೇ ಜಾಯ್‌ಸ್ಟಿಕ್ ಖಾಲಿ ಇದೆ ಅಂದಿದ್ದೀನಿ. ಆದ್ರೆ ಜಲಪಾತದಲ್ಲಿ ಅವನಿಗೆ ಕಾಯೋದಿಲ್ಲ, ನಾನು ಮೇಲೆ ಹತ್ತಿದ್ರೆ ಪರದೆಯೂ ಮೇಲೆ ಸರಿಯುತ್ತೆ, ಕೆಳಗಿರೋನು ಸತ್ತ ಅಂತಲೇ ಲೆಕ್ಕ.