ಬೇಕಿದ್ದದ್ದು ಕನ್ನಡ ಒಂದೇ, ಸ್ಟಾರ್ ಹಾಕಿ ಕೆಟ್ಟೆ

ತೀರ್ಥಹಳ್ಳಿ ಕಡೆ ಆಷಾಢದ ಮಳೆ ಅಂದರೆ ಗೊತ್ತಲ್ಲ, ಕರೆಂಟೂ ಇಲ್ಲ, ನೆಟ್ ಏನಿದ್ದರೂ ಮೊಬೈಲ್ ಹಾಟ್‌ಸ್ಪಾಟ್. ಅಜ್ಜನ ಹಳೇ ಯಕ್ಷಗಾನ ಪ್ರಸಂಗದ ಪುಸ್ತಕ ಸ್ಕ್ಯಾನ್ ಮಾಡಿ, ಅಕ್ಷರ ಎತ್ತಲು ಉಬುಂಟು ಲಿನಕ್ಸಿನಲ್ಲಿ ಟೆಸರಾಕ್ಟ್ ಎಂಬ ಸಾಫ್ಟ್‌ವೇರ್ ಹಾಕಲು ಹೊರಟೆ. ಅಲ್ಲಿ ಸಾಫ್ಟ್‌ವೇರ್ ತರಿಸುವ, ತೆಗೆಯುವ ಕಮಾಂಡ್ ‘ಆಪ್ಟ್’. ‘ಆಪ್ಟ್ ಇನ್‌ಸ್ಟಾಲ್ ಟೆಸರಾಕ್ಟ್-ಒಸಿಆರ್-*’ ಎಂದು ಹೊಡೆದು, ಕೊನೆಗೆ ‘-ವೈ’ (ನನ್ನನ್ನು ಕೇಳದೆ ಎಲ್ಲಕ್ಕೂ ಹೂಂ ಅನ್ನು ಎಂದರ್ಥ) ಬೇರೆ ಸೇರಿಸಿ, ಕಾಫಿಗೆ ಎದ್ದು ಹೋದೆ. ವಾಪಸ್ ಬಂದಾಗ ದಿನದ ಡೇಟಾ ಖಾಲಿ. ಟೆಸರಾಕ್ಟಿಗೆ ನೂರಕ್ಕೂ ಜಾಸ್ತಿ ಭಾಷೆ ಬರುತ್ತದೆ. ಸ್ಟಾರ್ (*) ಅಂದರೆ ‘ಇಲ್ಲಿ ಏನಿದ್ದರೂ ಸರಿ’ ಎಂದರ್ಥ, ಹಾಗಾಗಿ ನಾನು ಎಲ್ಲವನ್ನೂ ಕರೆದಿದ್ದೆ.

ಶಿವಮೊಗ್ಗದ ಗಾಂಧಿ ಬಜಾರಿಗೆ ಹೋಗಿ ‘ಅ’ದಿಂದ ಶುರುವಾಗುವ ಸಾಮಾನೆಲ್ಲ ಕೊಡಿ ಅಂದ ಹಾಗೆ ಇದು. ಅವಲಕ್ಕಿ ಜೊತೆ ಅರಿಶಿನ, ಅಗರಬತ್ತಿ, ಅಡಿಕೆ ಎಲ್ಲ ಚೀಲಕ್ಕೆ.

ಹಾಗಾದರೆ ಹೇಗೆ ಮಾಡಬೇಕು? (ಕಮಾಂಡುಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಿರಿ.)

ಮೊದಲು ಸುಮ್ನೆ ಪಟ್ಟಿ ನೋಡಿ: ‘ಆಪ್ಟ್ ಲಿಸ್ಟ್’ ಬರೆದು ಮುಂದೆ ಪ್ಯಾಟರ್ನ್ (ಸ್ಟಾರ್ ಇರುವ ಹೆಸರು) ಹಾಕಿ. ‘ಕೆ’ ಅಕ್ಷರಕ್ಕೇ ಕನ್ನಡದ ಜೊತೆ ಕಜಕ್, ಕೊರಿಯನ್, ಖ್ಮೇರ್ ಬರುತ್ತವೆ. ಜಾರ್ಜಿಯನ್ ಕೂಡ, ಅದರ ಕೋಡ್ ‘ಕೆಎಟಿ’. ನಮ್ಮದು ‘ಕೆಎಎನ್’.

ಪ್ಯಾಟರ್ನಿಗೆ ಉದ್ಧರಣ ಚಿಹ್ನೆ ಹಾಕಲೇಬೇಕು. ಇಲ್ಲಿ ಜಾರುವವರೇ ಜಾಸ್ತಿ. ಸ್ಟಾರನ್ನು ಮೊದಲು ನೋಡುವುದು ಆಪ್ಟ್ ಅಲ್ಲ, ನಾವು ಹೊಡೆದ ಕಮಾಂಡನ್ನು ಓದಿ ನಡೆಸುವ ಶೆಲ್. ನೀವಿರುವ ಫೋಲ್ಡರಿನಲ್ಲಿ ಆ ಪ್ಯಾಟರ್ನಿಗೆ ಹೊಂದುವ ಫೈಲ್ ಇದ್ದರೆ, ಶೆಲ್ ಆ ಫೈಲಿನ ಹೆಸರನ್ನೇ ಆಪ್ಟಿಗೆ ಕೊಡುತ್ತದೆ. ಅಂಥ ಪ್ಯಾಕೇಜ್ (ಸಾಫ್ಟ್‌ವೇರಿನ ಕಟ್ಟು) ಇಲ್ಲ ಎಂದು ಆಪ್ಟ್ ಕೈಚೆಲ್ಲುತ್ತದೆ. ನಿನ್ನೆ ನಡೆದ ಕಮಾಂಡ್ ಇವತ್ತು ಬೇರೆ ಫೋಲ್ಡರಿನಲ್ಲಿ ನಡೆಯದಿರುವುದಕ್ಕೆ ಇದೂ ಒಂದು ಕಾರಣ.

ಆಮೇಲೆ ಇನ್‌ಸ್ಟಾಲ್ ಕಮಾಂಡಿಗೆ ‘-ಎಸ್’ ಸೇರಿಸಿ ತಾಲೀಮು ಮಾಡಿಸಿ. ಏನೇನು ಬರುತ್ತದೆ ಎಂದು ತೋರಿಸುತ್ತದೆ, ಏನನ್ನೂ ಇಳಿಸುವುದಿಲ್ಲ. ಇದಕ್ಕೆ ‘ಸುಡೊ’ (ಅಡ್ಮಿನ್ ಅಧಿಕಾರ ಕೊಡುವ ಕಮಾಂಡ್) ಕೂಡ ಬೇಡ. ‘-ವೈ’ ಅಂತೂ ಸ್ಟಾರ್ ಇರುವ ಕಡೆ ಬೇಡವೇ ಬೇಡ.

ಆಪ್ಟಿನ ಹಳೇ ರೂಪ ‘ಆಪ್ಟ್-ಗೆಟ್’ ಬಳಸುವವರಿಗೆ ಇನ್ನೊಂದು ಮಾತು. ಅದರಲ್ಲಿ ಚುಕ್ಕೆ (.) ಇದ್ದ ಹೆಸರು ಸಿಗದಿದ್ದರೆ ಅದನ್ನು ರೆಜೆಕ್ಸ್ (ಇನ್ನೊಂದು ಬಗೆಯ ಹುಡುಕುವ ಪ್ಯಾಟರ್ನ್) ಎಂದು ಓದಿ, ಹೆಸರಿನ ಮಧ್ಯದಲ್ಲೂ ಹುಡುಕುತ್ತದೆ. ‘ಕಾಯಿ’ ಅಂದರೆ ಬದನೆಕಾಯಿಯೂ ಬಂತು ಅಲ್ವಾ? 2020ರ ಆಪ್ಟ್ 2.0ರಲ್ಲಿ ‘ಆಪ್ಟ್’ ಕಮಾಂಡಿಗೆ ಇದನ್ನು ಬಿಗಿ ಮಾಡಿದರು: ‘^’ನಿಂದ ಶುರುವಾದರೆ ಇಲ್ಲವೇ ‘$’ನಿಂದ ಮುಗಿದರೆ ಮಾತ್ರ ರೆಜೆಕ್ಸ್.

ಇರುವ ಪ್ಯಾಕೇಜ್ ತೆಗೆಯುವಾಗ ಸ್ಟಾರ್ ಹಾಕಿದರೆ ಕಥೆಯೇ ಬೇರೆ. ‘ಪೈಥಾನ್3*’ (ಪೈಥಾನ್ ಒಂದು ಪ್ರೋಗ್ರಾಮಿಂಗ್ ಭಾಷೆ) ತೆಗೆದರೆ ಅದನ್ನೇ ನಂಬಿದ ಡೆಸ್ಕ್‌ಟಾಪೂ ಜೊತೆಗೇ ಹೊರಟುಹೋಗಬಹುದು.

ನನ್ನ ಪುಣ್ಯಕ್ಕೆ ಡೌನ್‌ಲೋಡ್ ಅರ್ಧಕ್ಕೇ ನಿಂತಿತ್ತು, ಏನೂ ಇನ್‌ಸ್ಟಾಲ್ ಆಗಿರಲಿಲ್ಲ. ‘ಆಪ್ಟ್ ಕ್ಲೀನ್’ ಹೊಡೆದು ಇಳಿದದ್ದನ್ನು ಗುಡಿಸಿದೆ. ಮರುದಿನ ಕನ್ನಡದ್ದೊಂದನ್ನೇ ಹೆಸರು ಹಿಡಿದು ಕರೆದೆ. ಕೆಲವೇ ಎಂಬಿ, ಕರೆಂಟ್ ಹೋಗುವ ಮೊದಲೇ ಬಂದು ಕೂತಿತು.